ಮಾದಪ್ಪನ ಬೆಟ್ಟಕ್ಕೆ ಕಾಲ್ನಡಿಗೆ



ನಮ್ಮ ಜವಳಗಿರಿಗೆ ದಕ್ಷಿಣದಲ್ಲಿ, ಕಾವೇರಿಯ ಆಚೆಗೆ ಮಲೆ ಮಹದೇಶ್ವರನ ಕ್ಷೇತ್ರವಿದೆ. ಎಪ್ಪತ್ತೇಳು ಮಲೆಗಳ ಒಡೆಯನ ಸನ್ನಿಧಿಗೆ ಇಂದು ಬಸ್ಸು ಹೋಗುತ್ತದೆ. ಆದರೂ ಶಿವರಾತ್ರಿ ಬಂತೆಂದರೆ ಸಾವಿರಾರು ಜನ ಹರಕೆ ಹೊತ್ತು ನಡೆದೇ ಹೋಗುತ್ತಾರೆ. ಕನಕಪುರದ ಕಡೆಯವರು ಸಂಗಮದ ಬಳಿ ಹೊಳೆ ದಾಟಿ, ಹನೂರು, ಕೌದಳ್ಳಿ ಮಾರ್ಗವಾಗಿ ತಾಳಬೆಟ್ಟ ಸೇರಿ ಮಲೆ ಹತ್ತುವರು.

ಒಂದು ಕಾಲಕ್ಕೆ ಆ ಬೆಟ್ಟವೂ ನಮ್ಮೂರೂ ಮದರಾಸು ರಾಜ್ಯದಲ್ಲೇ ಇದ್ದವು. ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಗೆ, ಹೊಸೂರು ಸೀಮೆ ಸೇಲಂ ಜಿಲ್ಲೆಗೆ ಸೇರಿದ್ದವು. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಹೋಯಿತು, ನಾವು ಈಚೆ ಉಳಿದೆವು. ನಡುವೆ ಗಡಿ ಬಂತು, ಭಕ್ತಿಗೆ ಬರಲಿಲ್ಲ.

ಆನೆಗಳಿಗೂ ಆ ಗಡಿ ಇಲ್ಲ. ಬನ್ನೇರುಘಟ್ಟದಿಂದ ಜವಳಗಿರಿಯ ಕಾಡಿಗೆ ಬರುವ ಅವೂ ಪಾದಚಾರಿಗಳೇ. ಹೊಳೆಯಾಚೆಯ ಕಾಡು 1987ರಲ್ಲಿ ಕಾವೇರಿ ವನ್ಯಧಾಮವಾಯಿತು. ಮಾದಪ್ಪನ ಮಲೆಗೆ 2013ರಲ್ಲಿ, ನಮ್ಮ ಜಿಲ್ಲೆಯ ಕಾಡಿಗೆ 2014ರಲ್ಲಿ ಅದೇ ರಕ್ಷಣೆ ದೊರೆಯಿತು.

ಆದುದರಿಂದ ಯಾತ್ರಿಕರಲ್ಲಿ ವಿನಂತಿ: ಅರಣ್ಯ ಇಲಾಖೆ ಒಪ್ಪಿದ ದಾರಿಯಲ್ಲಿ, ಹಗಲಿನಲ್ಲಿ, ಗುಂಪಾಗಿ ನಡೆಯಿರಿ. ಹಿಂದುಳಿದ ಮುದುಕರನ್ನೂ ಮಕ್ಕಳನ್ನೂ ಬಿಟ್ಟು ಮುಂದೆ ಹೋಗಬೇಡಿ. ಶಿವರಾತ್ರಿ ಒಣಹುಲ್ಲಿನ ಕಾಲ; ಒಂದು ಬೀಡಿಯ ಕಿಡಿ ಇಡೀ ಗುಡ್ಡವನ್ನು ಸುಟ್ಟೀತು. ಪ್ಲಾಸ್ಟಿಕ್ಕನ್ನು ಒಯ್ದವರೇ ಮರಳಿ ತರಬೇಕು.

ಮಾದಪ್ಪ ಹುಲಿಯನ್ನೇರಿ ಮಲೆ ಸುತ್ತಿದವನು. ಆತನ ವಾಹನದ ಮನೆಯನ್ನು ಕೆಡಿಸಿ ಆತನಿಗೆ ಕೈಮುಗಿದರೆ ಹರಕೆ ಸಲ್ಲುವುದೆಂತು?

ಉಘೇ ಮಾದಪ್ಪ!