ಗೋಡೆಯ ದೀಪ ಹೇಳುವ ಚರಿತ್ರೆ



ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಜ್ಜನ ಮನೆಯನ್ನು ಕೆಡವಿಸುವಾಗ ಅಟ್ಟದಲ್ಲಿ ಸಿಕ್ಕಿದ ಹಿತ್ತಾಳೆಯ ಗೋಡೆ ದೀಪದ ಚಿತ್ರ ಕಳುಹಿಸಿ, "ಸರ್, ಗುಜರಿಗೆ ಹಾಕಲೋ, ಹಳೆಯ ಸಾಮಾನು ಕೊಳ್ಳುವವರಿಗೆ ಮಾರಲೋ?" ಎಂದು ಕೇಳಿದ್ದಾನೆ. ಉತ್ತರ ತುಸು ದೀರ್ಘವಾಯಿತು. ಎಲ್ಲರಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ದೀಪದ ಆಕಾರವೇ ಅದರ ಕಾಲವನ್ನು ಹೇಳುತ್ತದೆ. ಮೇಣದ ಬತ್ತಿ ಮತ್ತು ಎಣ್ಣೆಯ ಕಾಲದಲ್ಲಿ ಜ್ವಾಲೆಯ ಹಿಂದೆ ಹೊಳೆಯುವ ತಗಡನ್ನೋ ಕನ್ನಡಿಯನ್ನೋ ಇಟ್ಟು ಬೆಳಕನ್ನು ಕೋಣೆಯ ಕಡೆಗೆ ತಿರುಗಿಸುತ್ತಿದ್ದರು. 1792ರಲ್ಲಿ ವಿಲಿಯಂ ಮರ್ಡಾಕ್ ಇಂಗ್ಲೆಂಡಿನ ರೆಡ್‌ರುತ್‌ನ ತನ್ನ ಮನೆಯನ್ನು ಕಲ್ಲಿದ್ದಲ ಅನಿಲದಿಂದ ಬೆಳಗಿಸಿದ. ಮುಂದೆ ಅನಿಲದ ದೀಪಗಳು ಮನೆಮನೆಗೆ ಬಂದಾಗ ಗೋಡೆ ದೀಪದ ತೋಳು ಟೊಳ್ಳಾದ ಕೊಳವೆಯಾಯಿತು. ಅದಕ್ಕೊಂದು ತಿರುಪು ನಲ್ಲಿ ಸೇರಿತು. 1882ರಲ್ಲಿ ಎಡಿಸನ್ ನ್ಯೂಯಾರ್ಕಿನ ಪರ್ಲ್ ಬೀದಿಯಿಂದ ವಿದ್ಯುತ್ ಪೂರೈಸತೊಡಗಿದ. ಬಲ್ಬಿಗೆ ಮೇಲ್ಮುಖವಾಗಿಯೇ ಉರಿಯಬೇಕೆಂಬ ಕಟ್ಟುಪಾಡಿಲ್ಲ. ಆದರೆ ಹೊಸ ವಿದ್ಯುತ್ತನ್ನು ಜನ ಪೂರ್ತಿ ನಂಬಲಿಲ್ಲ. ಆದ್ದರಿಂದ ಒಂದೇ ದೀಪದಲ್ಲಿ ಅನಿಲದ ತೋಳು ಮೇಲಕ್ಕೂ ಬಲ್ಬಿನ ತೋಳು ಕೆಳಕ್ಕೂ ಚಾಚಿದ ಜೋಡಿ ದೀಪಗಳು ಬಂದವು. ಸಂಗ್ರಾಹಕರು ಇಂದಿಗೂ ಇವನ್ನು ಆಸೆಪಟ್ಟು ಹುಡುಕುತ್ತಾರೆ.

ನಮ್ಮಲ್ಲಿ ಹೆಚ್ಚಿನ ಮನೆಗಳು ಸೀಮೆಎಣ್ಣೆಯಿಂದ ನೇರವಾಗಿ ವಿದ್ಯುತ್ತಿಗೆ ದಾಟಿದವು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ 1905ರಲ್ಲಿ ಬೆಂಗಳೂರಿಗೂ ಬಂತು. ಹಳ್ಳಿಗಳು ಇನ್ನೂ ದಶಕಗಳ ಕಾಲ ಕಾಯಬೇಕಾಯಿತು. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಮನೆಗೆ ವಿದ್ಯುತ್ತು ಬಂತು. ಆ ವರ್ಷವೇ ನಡುಮನೆಯ ಗೋಡೆ ದೀಪವನ್ನು ಪಾತ್ರೆಯವನಿಗೆ ತೂಕಕ್ಕೆ ಕೊಟ್ಟು ಅಮ್ಮ ಸ್ಟೀಲಿನ ಡಬ್ಬಿ ಕೊಂಡರು. ಅದರಲ್ಲಿ ತಪ್ಪೇನಿರಲಿಲ್ಲ, ಡಬ್ಬಿ ಬೇಕಾಗಿತ್ತು. ಗೋಡೆಯ ಮೇಲಿನ ಮಸಿಯ ಗುರುತು ಮಾತ್ರ ಮುಂದಿನ ಸುಣ್ಣ ಬಳಿಯುವವರೆಗೂ ಉಳಿದಿತ್ತು. ಆ ದೀಪದ ಆಕಾರವನ್ನು ಇಂದು ನೆನೆದರೆ ನನಗೆ ಸ್ಪಷ್ಟವಾಗಿ ಕಾಣುವುದಿಲ್ಲ.

ಆದ್ದರಿಂದ ನನ್ನ ಸಲಹೆ ಇಷ್ಟು. ಮೊದಲು ಅಯಸ್ಕಾಂತ ಹಿಡಿದು ನೋಡು. ಅಂಟಿಕೊಂಡರೆ ಅದು ಹಿತ್ತಾಳೆಯ ಲೇಪವಿರುವ ಕಬ್ಬಿಣ. ಹುಣಿಸೆಹಣ್ಣು ಹಾಕಿ ಉಜ್ಜಬೇಡ; ತಯಾರಕರ ಮುದ್ರೆಯಿದ್ದರೆ ಸವೆದುಹೋದೀತು. ತಂತಿ ಹಳೆಯದಾದರೆ ಅದರ ಹೊದಿಕೆ ಪುಡಿಯಾಗಿರುತ್ತದೆ. ಬಲ್ಲವರಿಂದ ಬದಲಾಯಿಸದೆ ಉರಿಸಬೇಡ. ತೆಗೆದ ಭಾಗಗಳನ್ನು ಎಸೆಯಬೇಡ. ನೂರು ವರ್ಷ ದಾಟಿದ ಪುರಾವಸ್ತುಗಳ ವ್ಯಾಪಾರಕ್ಕೆ 1972ರ ಕಾಯ್ದೆಯಂತೆ ಪರವಾನಗಿ ಬೇಕು. ಖಾಸಗಿಯವರು ಅವನ್ನು ವಿದೇಶಕ್ಕೆ ಕಳುಹಿಸುವಂತಿಲ್ಲ.

ಮಾರುವುದಾದರೆ ಮಾರು, ಬೇಡವೆನ್ನಲಾರೆ. ಆದರೆ ಅದಕ್ಕೆ ಮೊದಲು ದೀಪ ಯಾವ ಊರಿನ, ಯಾರ ಮನೆಯ, ಯಾವ ಗೋಡೆಯ ಮೇಲಿತ್ತು, ಅದರ ಬೆಳಕಿನಲ್ಲಿ ಯಾರು ಓದಿದರು ಎಂಬುದನ್ನು ಅಜ್ಜಿಯನ್ನು ಕೇಳಿ ಒಂದು ಹಾಳೆಯಲ್ಲಿ ಬರೆ. ಒಂದು ಪ್ರತಿ ದೀಪದ ಜೊತೆ ಹೋಗಲಿ, ಇನ್ನೊಂದು ನಿನ್ನ ಬಳಿ ಇರಲಿ.