ಹರಾಜಿನ ಕಟ್ಟೆಯಲ್ಲಿ ದಾನಧರ್ಮ

ಸ್ವಪರ ಹಿತಕ್ಕಾಗಿ ತನ್ನದಾದುದನ್ನು ತ್ಯಜಿಸುವುದೇ ದಾನವೆಂದು ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ನಿರೂಪಿಸಿದ್ದಾರೆ. ಕೊಡುವ ವಿಧಿ, ಕೊಡುವ ದ್ರವ್ಯ, ಕೊಡುವ ದಾತೃ, ಪಡೆಯುವ ಪಾತ್ರ ಈ ನಾಲ್ಕರ ವಿಶೇಷದಿಂದ ದಾನದ ಫಲದಲ್ಲಿ ತಾರತಮ್ಯ ಉಂಟಾಗುತ್ತದೆ ಎಂಬುದೂ ಅಲ್ಲಿಯ ನಿರ್ಣಯವೇ. ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ಚತುರ್ವಿಧ ದಾನಗಳಿಗೆ ಈ ಲಕ್ಷಣವನ್ನು ಅನ್ವಯಿಸುವುದು ನಮ್ಮ ಶ್ರಾವಕರಿಗೆ ರೂಢಿಯಾದ ವಿಷಯ. ಆದರೆ ಚಿತ್ರ, ಶಿಲ್ಪ ಮೊದಲಾದ ಕಲಾಕೃತಿಗಳನ್ನು ಹರಾಜಿಗಿಟ್ಟು, ಬಂದ ಹಣವನ್ನು ಸತ್ಕಾರ್ಯಕ್ಕೆ ವಿನಿಯೋಗಿಸುವ ಪದ್ಧತಿಯೊಂದು ಕಳೆದ ಮೂರು ಶತಮಾನಗಳಲ್ಲಿ ಬೆಳೆದು ಬಂದಿದೆ. ಅಲ್ಲಿ ಕೊಟ್ಟವರು ಯಾರು, ತ್ಯಜಿಸಿದ್ದು ಏನು ಎಂಬ ಪ್ರಶ್ನೆಗೆ ಉತ್ತರ ಅಷ್ಟು ಸುಲಭವಲ್ಲ. ಈ ಪದ್ಧತಿಯ ಇತಿಹಾಸದ ಮೂರು ಪ್ರಸಂಗಗಳು ಬಸದಿ, ಮಠಗಳ ವಿಶ್ವಸ್ತರಿಗೂ ವಿಚಾರಾರ್ಹವಾಗಿವೆ.

ಮೊದಲನೆಯದು ಲಂಡನ್ ನಗರದ್ದು. ಬೀದಿಯಲ್ಲಿ ಬಿಟ್ಟುಹೋದ ಹಸುಗೂಸುಗಳ ದುಃಸ್ಥಿತಿಯನ್ನು ಕಂಡು ಮರುಗಿದ ಥಾಮಸ್ ಕೋರಂ ಎಂಬ ನಾವಿಕನು ವರ್ಷಾನುಗಟ್ಟಲೆ ಶ್ರಮಿಸಿ, 1739ರಲ್ಲಿ ರಾಜಶಾಸನವನ್ನು ಪಡೆದು, ಫೌಂಡ್ಲಿಂಗ್ ಹಾಸ್ಪಿಟಲ್ ಎಂಬ ಶಿಶು ಆಶ್ರಯಾಲಯವನ್ನು ಸ್ಥಾಪಿಸಿದನು. ಪ್ರಸಿದ್ಧ ಚಿತ್ರಕಾರ ವಿಲಿಯಂ ಹೊಗಾರ್ಥ್ ಆ ಸಂಸ್ಥೆಯ ಆರಂಭದ ಆಡಳಿತಗಾರರಲ್ಲಿ ಒಬ್ಬನು. 1740ರಲ್ಲಿ ಅವನು ಕೋರಂನ ಭಾವಚಿತ್ರವನ್ನು ಬರೆದು ಆಶ್ರಯಾಲಯಕ್ಕೆ ಅರ್ಪಿಸಿದನು. 1746ರ ನಂತರ ಇತರ ಚಿತ್ರಕಾರರೂ ಅವನ ಮಾರ್ಗವನ್ನು ಅನುಸರಿಸಿದರು. ಆ ಚಿತ್ರಗಳನ್ನು ನೋಡಲು ಬಂದ ಸಿರಿವಂತರು ಅಲ್ಲಿದ್ದ ಶಿಶುಗಳನ್ನೂ ಕಂಡರು. ಕಲೆಯು ಕರುಣೆಗೆ ದಾರಿಯಾಯಿತು.

1750ರಲ್ಲಿ ಹೊಗಾರ್ಥನು ಸೈನಿಕರು ಫಿಂಚ್ಲಿಗೆ ಹೊರಟ ದೃಶ್ಯದ ತನ್ನ ದೊಡ್ಡ ಚಿತ್ರವನ್ನು ಚೀಟಿಯ ಮೂಲಕ ವಿಲೇವಾರಿ ಮಾಡಲು ನಿಶ್ಚಯಿಸಿದನು. ಆ ಚಿತ್ರದ ಮುದ್ರಿತ ಪ್ರತಿಗೆ ಚಂದಾ ತೆತ್ತವರು ಮೂರು ಶಿಲಿಂಗ್ ಹೆಚ್ಚು ಕೊಟ್ಟರೆ ಒಂದು ಚೀಟಿಗೆ ಹಕ್ಕುದಾರರು. 1,843 ಚೀಟಿಗಳು ಮಾರಾಟವಾದವು. ಉಳಿದ 167 ಚೀಟಿಗಳನ್ನು ಅವನು ಆಶ್ರಯಾಲಯಕ್ಕೆ ದಾನವಾಗಿ ಕೊಟ್ಟನು. ಎಪ್ರಿಲ್ 30ರಂದು ಚೀಟಿ ಎತ್ತಿದಾಗ ಬಂದ ಸಂಖ್ಯೆ 1941. ಅದು ಆಶ್ರಯಾಲಯದ ಪಾಲಿನದಾಗಿತ್ತು. ಚಿತ್ರವು ಅಂದೇ ರಾತ್ರಿ ಅಲ್ಲಿಗೆ ತಲುಪಿತು. ಇಂದಿಗೂ ಅದು ಲಂಡನ್ನಿನ ಫೌಂಡ್ಲಿಂಗ್ ವಸ್ತುಸಂಗ್ರಹಾಲಯದಲ್ಲಿದೆ.

ಇಲ್ಲಿ ದಾತೃವು ಯೋಗ್ಯ, ಪಾತ್ರವು ಯೋಗ್ಯ, ದ್ರವ್ಯವಂತೂ ಕಲಾವಿದನ ಸ್ವಂತ ದುಡಿಮೆಯ ಫಲ. ವಿಧಿಯ ವಿಷಯದಲ್ಲಿ ಮಾತ್ರ ಜೈನ ಶ್ರಾವಕನು ಹಿಂಜರಿಯುವನು. ಅದೃಷ್ಟದ ಚೀಟಿಯು ದ್ಯೂತದ ಒಂದು ರೂಪ. ದ್ಯೂತವು ಸಪ್ತವ್ಯಸನಗಳಲ್ಲಿ ಒಂದು. ಉದ್ದೇಶವು ಎಷ್ಟೇ ಪವಿತ್ರವಾಗಿದ್ದರೂ ಮಾರ್ಗದ ದೋಷವು ಅದರಿಂದ ತೊಳೆದುಹೋಗುವುದಿಲ್ಲ.

ಎರಡನೆಯ ಪ್ರಸಂಗ ಮೊದಲನೆಯ ಮಹಾಯುದ್ಧದ ಕಾಲದ್ದು. ಯುದ್ಧದಲ್ಲಿ ಗಾಯಗೊಂಡವರ ಶುಶ್ರೂಷೆಗಾಗಿ 1915ರಿಂದ 1918ರ ವರೆಗೆ ಲಂಡನ್ನಿನ ಕ್ರಿಸ್ಟೀಸ್ ಹರಾಜು ಸಂಸ್ಥೆಯಲ್ಲಿ ರೆಡ್‌ಕ್ರಾಸ್‌ನ ಪರವಾಗಿ ಪ್ರತಿವರ್ಷ ಹರಾಜುಗಳು ನಡೆದವು. ಜನರು ತಮ್ಮ ಮನೆಯ ಚಿತ್ರ, ಆಭರಣ, ಪಾತ್ರೆ, ಪುಸ್ತಕಗಳನ್ನು ಕೊಟ್ಟರು. 1915ರ ಹರಾಜಿಗೆ ಜಾನ್ ಸಿಂಗರ್ ಸಾರ್ಜೆಂಟ್ ಎಂಬ ಚಿತ್ರಕಾರನು ಇನ್ನೂ ಬರೆಯದ ಚಿತ್ರವೊಂದನ್ನು ಕೊಟ್ಟನು! ಕೊಂಡವರು ಸೂಚಿಸಿದ ವ್ಯಕ್ತಿಯ ಭಾವಚಿತ್ರವನ್ನು ಬರೆದುಕೊಡುವುದಾಗಿ ಅವನ ವಾಗ್ದಾನ. ಭಾವಚಿತ್ರ ಬರೆಯುವುದನ್ನೇ ಬಹುಮಟ್ಟಿಗೆ ಬಿಟ್ಟಿದ್ದ ಅವನು ತನ್ನ ಶ್ರಮವನ್ನೇ ದಾನವಾಗಿ ಇತ್ತನು.

ಐರ್ಲೆಂಡಿನ ರಾಷ್ಟ್ರೀಯ ಕಲಾಶಾಲೆಯ ನಿರ್ದೇಶಕನಾಗಿದ್ದ ಸರ್ ಹ್ಯೂ ಲೇನ್ ಅದಕ್ಕೆ 10,000 ಪೌಂಡುಗಳ ಬೇಡಿಕೆ ಇಟ್ಟನು. ಚಿತ್ರದಲ್ಲಿ ಯಾರಿರಬೇಕೆಂಬುದು ನಿಶ್ಚಯವಾಗುವ ಮೊದಲೇ, 1915ರ ಮೇ 7ರಂದು, ಜರ್ಮನ್ ಜಲಾಂತರ್ಗಾಮಿಯ ದಾಳಿಗೆ ತುತ್ತಾದ ಲುಸಿಟಾನಿಯಾ ಹಡಗಿನೊಂದಿಗೆ ಅವನು ಸಮುದ್ರದ ಪಾಲಾದನು. ಮಾತು ಕೊಟ್ಟವನು ಹೋದರೂ ಮಾತು ಉಳಿಯಿತು. ಅವನ ಸಂಸ್ಥೆಯವರು ಅಮೆರಿಕದ ಅಧ್ಯಕ್ಷ ವುಡ್ರೋ ವಿಲ್ಸನ್ನರನ್ನು ಆರಿಸಿದರು. 1917ರಲ್ಲಿ ಸಾರ್ಜೆಂಟನು ತನ್ನ ವಾಗ್ದಾನವನ್ನು ಪೂರೈಸಿದನು. ಆ ಚಿತ್ರವು ಈಗ ಡಬ್ಲಿನ್ನಿನ ರಾಷ್ಟ್ರೀಯ ಕಲಾಶಾಲೆಯ ಸ್ವತ್ತು. ಚಿತ್ರಕಾರನು ತನ್ನದಾದ ಶ್ರಮವನ್ನು ತ್ಯಜಿಸಿದನು, ಲೇನನು ತನ್ನದಾದ ಧನವನ್ನು ನಿಶ್ಚಯಿಸಿದನು. ಅನ್ಯರ ಸ್ವತ್ತು ಅಲ್ಲಿ ಯಾರ ಕೈಗೂ ಸೋಂಕಲಿಲ್ಲ.

ಮೂರನೆಯ ಪ್ರಸಂಗವು ಭಾರತೀಯರ ಮನಸ್ಸಿಗೆ ಹೆಚ್ಚು ಹತ್ತಿರವಾದದ್ದು. ಲಿಯೊನಾರ್ಡ್ ಎಲ್ಮ್‌ಹರ್ಸ್ಟ್ ಎಂಬ ಆಂಗ್ಲ ತರುಣನು 1922ರಲ್ಲಿ ಕವಿ ರವೀಂದ್ರನಾಥ ಠಾಕೂರರ ಶ್ರೀನಿಕೇತನದಲ್ಲಿ ಗ್ರಾಮೋದ್ಧಾರದ ಕೆಲಸಕ್ಕೆ ನೆರವಾದನು. ಮುಂದೆ ಪತ್ನಿಯೊಂದಿಗೆ ಇಂಗ್ಲೆಂಡಿನ ಡೆವನ್ ಪ್ರಾಂತದ ಡಾರ್ಟಿಂಗ್ಟನ್ನಿನಲ್ಲಿ ವಿದ್ಯೆ ಮತ್ತು ಕಲೆಗಳ ಕೇಂದ್ರವನ್ನು ಕಟ್ಟಿದನು. ಆ ಸ್ನೇಹದ ಫಲವಾಗಿ ರವೀಂದ್ರರ ಚಿತ್ರಗಳು ಡಾರ್ಟಿಂಗ್ಟನ್ ಸೇರಿದವು. ತನ್ನ ಸೇವಾಕಾರ್ಯಗಳಿಗೆ ಹಣ ಬೇಕೆಂದು ಅಲ್ಲಿಯ ಧರ್ಮದತ್ತಿ ಸಂಸ್ಥೆಯು 2010ರ ಜೂನ್ 15ರಂದು ಆ ಸಂಗ್ರಹದ 12 ಚಿತ್ರಗಳನ್ನು ಲಂಡನ್ನಿನ ಸೋದಬೀಸ್ ಸಂಸ್ಥೆಯಲ್ಲಿ ಹರಾಜಿಗಿಟ್ಟಿತು. ಎರಡೂವರೆ ಲಕ್ಷ ಪೌಂಡುಗಳ ಅಂದಾಜಿದ್ದ ಚಿತ್ರಗಳು ಸುಮಾರು 16 ಲಕ್ಷ ಪೌಂಡುಗಳನ್ನು ತಂದವು. ಚಿತ್ರಗಳನ್ನು ಭಾರತಕ್ಕೆ ತರಲು ಕೇಂದ್ರ ಸರಕಾರವು ಪ್ರಯತ್ನಿಸಬೇಕೆಂದು ಪಶ್ಚಿಮ ಬಂಗಾಳದ ಅಂದಿನ ಮುಖ್ಯಮಂತ್ರಿಗಳು ಪ್ರಧಾನಿಯವರಲ್ಲಿ ಕೋರಿದ್ದರು. ಆದರೂ ಹರಾಜು ನಿಲ್ಲಲಿಲ್ಲ.

ಇಲ್ಲಿ ಕಾನೂನಿನ ಲೋಪವಿರಲಿಲ್ಲ, ಪಾತ್ರವೂ ಅಯೋಗ್ಯವಲ್ಲ. ಆದರೆ ತ್ಯಜಿಸಿದವರು ಯಾರು? ಕೊಂಡವರು ಕೊಟ್ಟ ಹಣಕ್ಕೆ ಪ್ರತಿಯಾಗಿ ಚಿತ್ರವನ್ನು ಪಡೆದರು. ಮಾರಿದವರು ತಾವು ದುಡಿಯದ, ಇನ್ನೊಬ್ಬರು ಪ್ರೀತಿಯಿಂದ ಒಪ್ಪಿಸಿದ ವಸ್ತುವನ್ನು ಹಣವಾಗಿ ಪರಿವರ್ತಿಸಿದರು. ಕೊಟ್ಟವರು ಆಗ ಬದುಕಿರಲಿಲ್ಲ, ಕೇಳಿದರೆ ಏನೆನ್ನುತ್ತಿದ್ದರೋ ತಿಳಿಯುವಂತಿರಲಿಲ್ಲ. ವಿನಿಯೋಗವು ಸತ್ಕಾರ್ಯಕ್ಕೇ ಆದರೂ ಇಲ್ಲಿ ನಡೆದುದು ವ್ಯಾಪಾರ. ದಾನದ ಹೆಸರು ಇದಕ್ಕೆ ಸಲ್ಲದು.

ನಮ್ಮಲ್ಲಿಯೂ ಸವಾಲಿನ ಪದ್ಧತಿಯುಂಟು. ಶ್ರವಣಬೆಳಗೊಳದ ಭಗವಾನ್ ಬಾಹುಬಲಿಯ ಮಹಾಮಸ್ತಕಾಭಿಷೇಕದಲ್ಲಿ ಕಲಶಗಳ ಸವಾಲು ನಡೆಯುತ್ತದೆ. 2018ರಲ್ಲಿ ಪ್ರಥಮ ಕಲಶದ ಸವಾಲು 11 ಕೋಟಿ ರೂಪಾಯಿಗಳನ್ನು ಮೀರಿತು. ಇಲ್ಲಿ ಸವಾಲು ಹಿಡಿದವನು ಮಾರಬಹುದಾದ ಯಾವ ವಸ್ತುವನ್ನೂ ಮನೆಗೆ ಒಯ್ಯುವುದಿಲ್ಲ. ಕ್ಷೇತ್ರದ ಸ್ವತ್ತು ಕಿಂಚಿತ್ತೂ ಕಡಿಮೆಯಾಗುವುದಿಲ್ಲ. ಆದಕಾರಣ ಅವನು ಕೊಟ್ಟ ಧನವೆಲ್ಲವೂ ತ್ಯಾಗವೇ. ಆದರೆ ಕೀರ್ತಿಯ ಆಸೆ ಬಲಿತಲ್ಲಿ ಮಾನಕಷಾಯವು ಆ ತ್ಯಾಗದ ಫಲವನ್ನು ಕುಂದಿಸುವುದೆಂಬ ಎಚ್ಚರ ದಾತೃವಿಗೆ ಬೇಕು. ಬಂದ ಹಣ ಎಲ್ಲಿಗೆ ಹೋಯಿತೆಂಬ ಲೆಕ್ಕವನ್ನು ಸಮಾಜದ ಮುಂದಿಡುವ ಎಚ್ಚರ ವಿಶ್ವಸ್ತರಿಗೆ ಬೇಕು.

ಬಸದಿಯ ಪ್ರಾಚೀನ ಬಿಂಬ, ಕಂಚಿನ ಪ್ರತಿಮೆ, ತಾಡವೋಲೆಯ ಕಟ್ಟು, ಪಟಚಿತ್ರಗಳ ವಿಷಯ ಬೇರೆ. ಜೀರ್ಣೋದ್ಧಾರಕ್ಕೋ ವಿದ್ಯಾರ್ಥಿನಿಲಯಕ್ಕೋ ಹಣ ಸಾಲದಾದಾಗ ಅವುಗಳತ್ತ ಕಣ್ಣು ಹೊರಳುವುದು ಅಸಂಭವವಲ್ಲ. ನೂರು ವರ್ಷ ಮೀರಿದ ಶಿಲ್ಪ, ಚಿತ್ರಗಳನ್ನೂ ಎಪ್ಪತ್ತೈದು ವರ್ಷ ಮೀರಿದ ಮಹತ್ತ್ವದ ಹಸ್ತಪ್ರತಿಗಳನ್ನೂ 1972ರ ಪುರಾತನ ವಸ್ತುಗಳ ಕಾಯಿದೆಯು ರಕ್ಷಿಸುತ್ತದೆ. ಅವುಗಳನ್ನು ಖಾಸಗಿಯಾಗಿ ಹೊರದೇಶಕ್ಕೆ ಸಾಗಿಸುವುದು ಅಪರಾಧ. ಆದರೆ ಕಾಯಿದೆಗಿಂತ ಮೊದಲಿನದು ಧರ್ಮದ ಮಾತು. ವಿಶ್ವಸ್ತನು ಪಾಲಕನೇ ಹೊರತು ಒಡೆಯನಲ್ಲ. ತನ್ನದಲ್ಲದ್ದನ್ನು ಕೊಟ್ಟು ಪುಣ್ಯ ಗಳಿಸಲು ಬಾರದು. ಅದು ಅಚೌರ್ಯವ್ರತಕ್ಕೆ ಸಮೀಪದ ಅಪಾಯ.

ಹಾಗೆಂದು ಸಂಪತ್ತನ್ನು ಪೆಟ್ಟಿಗೆಯಲ್ಲಿ ಮುಚ್ಚಿಡುವುದೇ ಪಾಲನೆಯಲ್ಲ. ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ಉಳಿದು ಬಂದ ಧವಲಾದಿ ಗ್ರಂಥಗಳ ತಾಡವೋಲೆಗಳು ಮಾರಾಟವಾಗಲಿಲ್ಲ. ಅವುಗಳಿಂದ ಪ್ರತಿಗಳಾದವು, ಆ ಪ್ರತಿಗಳ ಆಧಾರದಿಂದ ಡಾ. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ 1939ರಿಂದ ಧವಲಾ ಟೀಕೆಯು ಅಚ್ಚಾಗಿ, 16 ಸಂಪುಟಗಳಲ್ಲಿ ವಿದ್ವಾಂಸರ ಕೈಸೇರಿತು. ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ತನ್ನ ಸ್ವಂತ ಧನದಿಂದ ಮಾಡಿಸಿ ಹಂಚಿದ ಶಾಸ್ತ್ರದಾನದ ಪರಂಪರೆಯೇ ಇದು. ಹಣದ ಅಗತ್ಯ ಬಿದ್ದಾಗ ವಿಶ್ವಸ್ತರು ಬಸದಿಯ ಭಂಡಾರವನ್ನು ತೆರೆದು ತೋರಿಸಲಿ, ಪ್ರತಿ ಮಾಡಿಸಲಿ, ಪ್ರದರ್ಶಿಸಲಿ. ಸವಾಲು ಕರೆಯುವುದಾದರೆ ಅದಕ್ಕಿಡುವ ವಸ್ತುವನ್ನು ಮೊದಲು ತಂತಮ್ಮ ಮನೆಯಿಂದ ತರಲಿ.