ಮಂಗಳೂರು ನಗರದಲ್ಲಿ ಮರಗಳ ಲೆಕ್ಕವೂ ಕಟ್ಟಡದ ಅನುಮತಿಯೂ: ಒಂದು ಐತಿಹಾಸಿಕ ಪರಿಶೀಲನೆ

ಮಂಗಳೂರಿನಲ್ಲಿ ಮರಗಳಿರುವ ಹಿತ್ತಿಲೊಂದರಲ್ಲಿ ಕಟ್ಟಡವನ್ನೆಬ್ಬಿಸಲು ಬಯಸುವವನು ಎರಡು ಬಾಗಿಲುಗಳನ್ನು ತಟ್ಟಬೇಕಾಗುತ್ತದೆ. ನಕ್ಷೆಯ ಮಂಜೂರಾತಿಗೆ ಒಂದು. ಅಲ್ಲಿ ಬೆಳೆದು ನಿಂತ ಮಾವು, ಹಲಸು, ಗೋಳಿ ಮೊದಲಾದ ಮರಗಳನ್ನು ಕಡಿಯಬೇಕಾದರೆ ಇನ್ನೊಂದು. ಯೋಜನೆಯ ಶಾಸನವು 1961ರದು, ವೃಕ್ಷ ಸಂರಕ್ಷಣೆಯ ಶಾಸನವು 1976ರದು. ಈ ಎರಡು ದಾರಿಗಳು ಬೇರೆಬೇರೆಯಾಗಿ ಉಳಿದುದೇಕೆಂಬುದನ್ನು ನಾವು ಇಲ್ಲಿ ವಿಚಾರಿಸಬಯಸುತ್ತೇವೆ.

ಮರವನ್ನು ಎಣಿಸುವುದು ಕರಾವಳಿಗೆ ಹೊಸದಲ್ಲ. ನೆರೆಯ ಮಲಬಾರಿನಲ್ಲಿ ತೋಟದ ಕಂದಾಯವನ್ನು ಕಟ್ಟುವಾಗ ಫಲ ಕೊಡುವ ತೆಂಗು, ಕಂಗು, ಹಲಸುಗಳನ್ನೇ ಲೆಕ್ಕ ಹಿಡಿಯುತ್ತಿದ್ದರು. ನಮ್ಮ ಪಹಣಿಯಲ್ಲಿ ಮರಗಳ ಹೆಸರಿಗೂ ಸಂಖ್ಯೆಗೂ ಇರುವ ಅಂಕಣವು ಇದೇ ಬಗೆಯ ಕಂದಾಯದೃಷ್ಟಿಯ ಕುರುಹೆಂದು ನಾವು ಭಾವಿಸುತ್ತೇವೆ. ಮರಮುಟ್ಟಿನ ಲೆಕ್ಕವು ಇದಕ್ಕಿಂತ ಕಠಿಣವಾದುದು. ಹಡಗು ಕಟ್ಟಲು ಸಾಗುವಾನಿ ಬೇಕಾಗಿ, 1806ರಲ್ಲಿ ಕಂಪೆನಿ ಸರಕಾರವು ಕ್ಯಾಪ್ಟನ್ ವಾಟ್ಸನ್ ಎಂಬವನನ್ನು ಪಶ್ಚಿಮ ಕರಾವಳಿಯ ಅರಣ್ಯ ಸಂರಕ್ಷಕನನ್ನಾಗಿ ನೇಮಿಸಿತು. ಖಾಸಗಿ ಭೂಮಿಯ ಸಾಗುವಾನಿಯ ಮೇಲೂ ಸರಕಾರದ ಹಕ್ಕು ಬಿದ್ದುದರಿಂದ ಭೂಮಾಲಿಕರೂ ಮರದ ವ್ಯಾಪಾರಿಗಳೂ ಸಿಡಿದೆದ್ದರು. 1823ರಲ್ಲಿ ಆ ಹುದ್ದೆಯೇ ರದ್ದಾಯಿತು. ಅದನ್ನು ರದ್ದುಗೊಳಿಸಿದ ಮದರಾಸಿನ ಗವರ್ನರ್ ಥಾಮಸ್ ಮನ್ರೋ, ಕಾಲು ಶತಮಾನದ ಹಿಂದೆ ಕೆನರಾದ ಕಲೆಕ್ಟರನಾಗಿದ್ದವನೇ ಎಂಬುದು ಗಮನಾರ್ಹ. ಮುಂದೆ 1882ರ ಮದರಾಸು ಅರಣ್ಯ ಶಾಸನವು ಬಂತು. ಇವುಗಳಲ್ಲೆಲ್ಲ ಮರವೆಂದರೆ ಒಂದೋ ಫಲ, ಇಲ್ಲವೇ ದಿಮ್ಮಿ. ನೆರಳಿಗೆಂದು ನಿಂತ ಮರಕ್ಕೆ ಯಾವ ಪುಸ್ತಕದಲ್ಲಿಯೂ ಸ್ಥಾನವಿರಲಿಲ್ಲ.

ದಕ್ಷಿಣ ಕನ್ನಡಕ್ಕೆ ವಿಶಿಷ್ಟವಾದ ಕುಮ್ಕಿ ಪದ್ಧತಿಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ನೋಡಬೇಕು. ವರ್ಗದ ಸಾಗುವಳಿ ಭೂಮಿಯ ಅಂಚಿನಿಂದ 100 ಗಜಗಳ ಒಳಗಿನ ಸರಕಾರಿ ಜಾಗದಲ್ಲಿ ಸೊಪ್ಪು, ಸೌದೆ, ಬೇಸಾಯಕ್ಕೆ ಬೇಕಾದ ಮರಮುಟ್ಟುಗಳನ್ನು ತೆಗೆದುಕೊಳ್ಳುವ ಸವಲತ್ತು ವರ್ಗದಾರನಿಗಿತ್ತು. 1964ರ ಭೂಕಂದಾಯ ಶಾಸನದ 79ನೆಯ ಪ್ರಕರಣವೂ ಅದನ್ನು ಮುಂದುವರಿಸಿತು. ಸೊಪ್ಪು ಗದ್ದೆಗೆ ಬೇಕಾದಷ್ಟು ಕಾಲ ಕುಮ್ಕಿಯ ಮರ ಉಳಿಯುತ್ತಿತ್ತು. ಅದನ್ನು ಕಾಯುತ್ತಿದ್ದುದು ಕಾನೂನಿಗಿಂತ ಹೆಚ್ಚಾಗಿ ಗದ್ದೆಯ ಹಸಿವು. ನಗರದ ಅಂಚಿನಲ್ಲಿ ಗದ್ದೆಗಳು ನಿವೇಶನಗಳಾದಾಗ ಆ ಕಾವಲು ತಾನಾಗಿಯೇ ಕಳಚಿತು. ಸೊಪ್ಪು ಬೇಡವಾದವನಿಗೆ ಮರವು ಅಡಚಣೆಯಲ್ಲದೆ ಮತ್ತೇನು?

ಇನ್ನೊಂದು ಕಾವಲು ನಾಗಬನಗಳದು. ಕೊಡಲಿ ತಾಗಬಾರದೆಂಬ ಭಯಭಕ್ತಿಯೇ ಅಲ್ಲಿ ಶಾಸನ. ಆದರೆ ಇಂದು ಎಷ್ಟೋ ಬನಗಳಲ್ಲಿ ನಾಗನು ಸಿಮೆಂಟಿನ ಕಟ್ಟೆಯ ಮೇಲೆ ಬಿಸಿಲಿಗೆ ಕುಳಿತಿದ್ದಾನೆ. ಪೂಜೆ ಉಳಿದಿದೆ, ಬನ ಉಳಿದಿಲ್ಲ.

ಪಟ್ಟಣದ ಒಳಗಿನ ಚರಿತ್ರೆ ಬೇರೆ. 1865ರಲ್ಲಿ ಬಾಸೆಲ್ ಮಿಶನ್ನಿನ ಹೆಂಚಿನ ಕಾರ್ಖಾನೆಯೂ ಮರುವರ್ಷ ಪೌರಸಭೆಯೂ ಹುಟ್ಟಿದವು. ಹೆಂಚಿನ ಗೂಡುಗಳು ಸೌದೆಯನ್ನು ಬೇಡಿದುವು. ಪೌರಸಭೆಯು ರಸ್ತೆ, ಚರಂಡಿ, ನೈರ್ಮಲ್ಯಗಳನ್ನು ನೋಡಿಕೊಂಡಿತು. 1920ರ ಮದರಾಸು ನಗರಯೋಜನಾ ಶಾಸನದ ಕಾಳಜಿಯೂ ಮುಖ್ಯವಾಗಿ ರಸ್ತೆ ಮತ್ತು ನಿವೇಶನಗಳದೇ.

1976ರ ಶಾಸನವು ಈ ಪರಂಪರೆಯಿಂದ ಹೊರಬಂದುದು ನಿಜ. ವೃಕ್ಷಾಧಿಕಾರಿಯ ಅನುಮತಿಯಿಲ್ಲದೆ ತನ್ನ ಸ್ವಂತ ಹಿತ್ತಿಲಿನ ಮರವನ್ನೂ ಕಡಿಯಕೂಡದೆಂದು ಅದು ವಿಧಿಸಿತು. ಕಡಿದುದಕ್ಕೆ ಬದಲಾಗಿ ನೆಡುವ ಹೊಣೆಯನ್ನು ಹೊರಿಸಿತು. ಇವೆಲ್ಲಕ್ಕಿಂತ ಮಹತ್ವದ ಮಾತೊಂದು ಅದರಲ್ಲಿದೆ. ನಗರದಲ್ಲಿರುವ ಮರಗಳ ಗಣತಿಯನ್ನು ನಡೆಸುವುದು, ತಮ್ಮ ಜಾಗದಲ್ಲಿ ಎಷ್ಟು ಮರಗಳಿವೆಯೆಂದು ಮಾಲಿಕರಿಂದ ಘೋಷಣೆಯನ್ನು ಪಡೆಯುವುದು ವೃಕ್ಷ ಪ್ರಾಧಿಕಾರದ ಕರ್ತವ್ಯವೆಂದು ಅದು ಹೇಳುತ್ತದೆ. ತೆಂಗು, ಗಾಳಿ, ನೀಲಗಿರಿ, ರಬ್ಬರು ಮುಂತಾದವನ್ನು ಕಡಿಯಲು ಮಾತ್ರ ಅನುಮತಿ ಬೇಕಾಗಿಲ್ಲ. ತೆಂಗಿನ ಊರಾದ ಮಂಗಳೂರಿನಲ್ಲಿ ಈ ವಿನಾಯಿತಿಯ ಅರ್ಥವೇನೆಂಬುದನ್ನು ಓದುಗರೇ ಊಹಿಸಬಹುದು. ಮುಂದಿನ ತಿದ್ದುಪಡಿಯೊಂದರ ಪ್ರಕಾರ ಸಾರ್ವಜನಿಕ ಕಾಮಗಾರಿಗಾಗಿ 50ಕ್ಕಿಂತ ಹೆಚ್ಚು ಮರಗಳು ಉರುಳುವುದಾದರೆ ಜನರ ಆಕ್ಷೇಪಗಳನ್ನು ಕೇಳಬೇಕು. ಹಿತ್ತಿಲುಗಳಲ್ಲಿ ಮೂರು ನಾಲ್ಕರಂತೆ ಹೋಗುವ ಮರಗಳಿಗೆ ಈ ಭಾಗ್ಯವಿಲ್ಲ. ನಗರದ ನೆರಳು ಕರಗುವುದು ಬಹುಮಟ್ಟಿಗೆ ಹಾಗೆಯೇ ಎಂಬುದು ನಮ್ಮ ಅಭಿಪ್ರಾಯ.

ಇಂಗ್ಲೆಂಡಿನಲ್ಲಿ 1947ರ ನಗರಯೋಜನಾ ಶಾಸನವು ಮರದ ರಕ್ಷಣೆಯ ಆಜ್ಞೆಯನ್ನು ಯೋಜನಾಧಿಕಾರಿಯ ಕೈಗೇ ಕೊಟ್ಟಿತು. ಕಟ್ಟಡವನ್ನು ಎಲ್ಲಿ ಕೂರಿಸಬೇಕೆಂದು ನಿರ್ಧರಿಸುವವನೇ ಯಾವ ಮರವನ್ನು ಬಿಡಬೇಕೆಂಬುದನ್ನೂ ನಿರ್ಧರಿಸಬೇಕಾಯಿತು. ನಮ್ಮಲ್ಲಿ ಯೋಜನೆ ಒಂದು ಇಲಾಖೆಯಲ್ಲಿ, ವೃಕ್ಷಾಧಿಕಾರಿ ಅರಣ್ಯ ಇಲಾಖೆಯಲ್ಲಿ. ಹೀಗಾಗಿ ನಕ್ಷೆ ಮೊದಲು ಸಿದ್ಧವಾಗಿ, ಮರದ ಮಾತು ಬಳಿಕ ಏಳುವುದಕ್ಕೆ ಎಡೆಯಾಗುತ್ತದೆ. ಅಷ್ಟರಲ್ಲಿ ತಳಪಾಯದ ಗೆರೆ ಮರದ ಬುಡದ ಮೇಲೆಯೇ ಹಾದುಹೋಗಿರುತ್ತದೆ. ಆಗ ವೃಕ್ಷಾಧಿಕಾರಿಯ ಮುಂದೆ ಉಳಿಯುವ ಪ್ರಶ್ನೆ ಮರವನ್ನು ಉಳಿಸುವುದು ಹೇಗೆಂಬುದಲ್ಲ, ಬದಲಿಗೆ ಎಷ್ಟು ಸಸಿ ನೆಡಿಸಬೇಕೆಂಬುದು. ಮುರಕಲ್ಲಿನ ನೆಲದಲ್ಲಿ ನೂರು ವರ್ಷ ಬೇರೂರಿದ ಗೋಳಿಗೂ ತೊಟ್ಟೆಯ ಸಸಿಗೂ ಸಂಖ್ಯೆಯಲ್ಲಿ ಮಾತ್ರ ಸಮಾನತೆ.

ಬೆಂಗಳೂರಿನ ಮರಗಳ ಬಗೆಗಿನ ಸಾರ್ವಜನಿಕ ಹಿತಾಸಕ್ತಿಯ ಮೊಕದ್ದಮೆಯಲ್ಲಿ ರಾಜ್ಯದ ಉಚ್ಚ ನ್ಯಾಯಾಲಯವು 2019ರ ಸುಮಾರಿಗೆ ಗಣತಿಯ ಈ ಕರ್ತವ್ಯವನ್ನು ಎತ್ತಿ ತೋರಿಸಿತು. ಮಂಗಳೂರಿಗೂ ಅದೇ ಶಾಸನವೇ ಅನ್ವಯಿಸುತ್ತದೆ. ಪಹಣಿಯ ಅಂಕಣವನ್ನೂ ಮಾಲಿಕನ ಘೋಷಣೆಯನ್ನೂ ಒಂದುಗೂಡಿಸಿ, ನಿವೇಶನದ ನಕ್ಷೆಯಲ್ಲಿಯೇ ಪ್ರತಿಯೊಂದು ಮರದ ಸ್ಥಾನ, ಜಾತಿ, ಎದೆಮಟ್ಟದ ಸುತ್ತಳತೆಗಳನ್ನು ಗುರುತಿಸಿದ ಹೊರತು ಮಂಜೂರಾತಿಯ ಅರ್ಜಿಯನ್ನು ಸ್ವೀಕರಿಸಬಾರದೆಂದು ನಾವು ಸೂಚಿಸುತ್ತೇವೆ. ಕಂದಾಯಕ್ಕಾಗಿ ಹಲಸನ್ನು ಎಣಿಸಬಲ್ಲ ಆಡಳಿತಕ್ಕೆ ಇದು ಅಸಾಧ್ಯವಾದ ಕೆಲಸವೇನಲ್ಲ.